ಹೊಲದ ಡಬ್ಬಿಯಲ್ಲಿ ಯಾವ ಕೋಡ್ ಇದೆ ಅಂತ ಮೊದಲು ಗೊತ್ತಿರಲಿ

ಸಿಂಧನೂರಿನ ತಮ್ಮ, ನಿಮ್ಮ ಪ್ರಶ್ನೆ ಓದಿದೆ. ಬೋರ್‌ವೆಲ್ ಮೋಟರನ್ನು ಎಸ್‌ಎಂಎಸ್‌ನಿಂದ ಆನ್-ಆಫ್ ಮಾಡುವ ಡಬ್ಬಿಗೆ ನೀವು ಮೂವರು ಗೆಳೆಯರು ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಚಿಪ್ ಮೇಲೆ ಕೋಡ್ ಬರೆಯುತ್ತಿದ್ದೀರಿ. ಆರು ಡಬ್ಬಿ ಈಗಾಗಲೇ ಹೊಲದಲ್ಲಿವೆ. ಒಬ್ಬರ ಲ್ಯಾಪ್‌ಟಾಪಿನಲ್ಲಿ ಬೋರ್ಡ್ ಪ್ಯಾಕೇಜ್ ಅಪ್‌ಡೇಟ್ ಆದ ಮೇಲೆ ಅದೇ ಕೋಡ್ ಕಂಪೈಲ್ ಆಗುತ್ತಿಲ್ಲ, ವಾಚ್‌ಡಾಗ್ (ಕೋಡ್ ಸಿಕ್ಕಿಹಾಕಿಕೊಂಡರೆ ಚಿಪ್ ರೀಸೆಟ್ ಮಾಡುವ ಕಾವಲು ಟೈಮರ್) ಸಾಲಿನಲ್ಲಿ ಎರರ್ ಬರುತ್ತಿದೆ. ಕೋಡ್ ಬರೆದು ಬೋರ್ಡಿಗೆ ಹಾಕುವ ಆರ್ಡುಯಿನೊ ಐಡಿಇ ಬಿಟ್ಟು ಅದೇ ಕೆಲಸದ ಪ್ಲಾಟ್‌ಫಾರ್ಮ್‌ಐಒಗೆ ಹೋಗಬೇಕಾ, ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಕಲಿಯಲೇಬೇಕಾ, ವರ್ಷನ್ ನಂಬರ್ ಹೇಗೆ ಕೊಡೋದು ಅಂತ ಕೇಳಿದ್ದೀರಿ.

ಮೊದಲು ಎರರ್ ನೋಡೋಣ. ನಿಮ್ಮ ಕೋಡ್ ಕೆಟ್ಟಿಲ್ಲ. ಇಎಸ್‌ಪಿ32ರ ಆರ್ಡುಯಿನೊ ಕೋರ್, ಅಂದರೆ ಆ ಬೋರ್ಡ್ ಪ್ಯಾಕೇಜೇ, 2024ರಲ್ಲಿ 2ರ ಸರಣಿಯಿಂದ 3.0ಕ್ಕೆ ಬಂತು. ಅದರ ಒಳಗಿರುವ, ಚಿಪ್ ಕಂಪನಿಯೇ ಕೊಡುವ ಮೂಲ ಸಾಫ್ಟ್‌ವೇರ್ ಇಎಸ್‌ಪಿ-ಐಡಿಎಫ್ ಕೂಡ 4.4ರಿಂದ 5.1ಕ್ಕೆ ಏರಿತು. ಹಳೆಯದರಲ್ಲಿ ವಾಚ್‌ಡಾಗ್ ಶುರು ಮಾಡುವ ಫಂಕ್ಷನ್‌ಗೆ ಎಷ್ಟು ಸೆಕೆಂಡ್, ಸಿಕ್ಕಿಹಾಕಿಕೊಂಡರೆ ರೀಸೆಟ್ ಆಗಬೇಕಾ ಬೇಡವಾ ಅಂತ ಎರಡೇ ಮಾತು ಹೇಳಿದರೆ ಸಾಕಿತ್ತು. ಹೊಸದರಲ್ಲಿ ಒಂದು ಸ್ಟ್ರಕ್ಟ್ (ಹಲವು ಮೌಲ್ಯಗಳ ಕಟ್ಟು) ತುಂಬಿ ಕೊಡಬೇಕು. ಇಲ್ಲೊಂದು ಎಚ್ಚರ: ಹಳೆಯದು ಸೆಕೆಂಡ್ ಲೆಕ್ಕ, ಹೊಸದು ಮಿಲಿಸೆಕೆಂಡ್ ಲೆಕ್ಕ. ಹಳೆಯ 10 ಅನ್ನೋದನ್ನು ಹಾಗೇ ಸ್ಟ್ರಕ್ಟ್‌ಗೆ ಹಾಕಿದರೆ ಕಂಪೈಲ್ ಆಗುತ್ತದೆ, ಆದರೆ ಡಬ್ಬಿ ರೀಸೆಟ್ ಆಗುತ್ತಲೇ ಇರುತ್ತದೆ. ಪಿನ್ನನ್ನು ಬೇಗ ಬೇಗ ಆನ್-ಆಫ್ ಮಾಡುವ ಪಿಡಬ್ಲ್ಯುಎಂ ಮತ್ತು ಟೈಮರ್ ಫಂಕ್ಷನ್‌ಗಳೂ 3.0ರಲ್ಲಿ ಬದಲಾಗಿವೆ. ಸದ್ಯಕ್ಕೆ ಬೋರ್ಡ್ಸ್ ಮ್ಯಾನೇಜರ್ ತೆರೆದು, ಇಎಸ್‌ಪಿ32 ಪಕ್ಕದ ಪಟ್ಟಿಯಲ್ಲಿ 2.0.17 ಆರಿಸಿ ಹಾಕಿಕೊಳ್ಳಿ. ಮೂವರೂ ಅದನ್ನೇ ಹಾಕಿಕೊಳ್ಳಿ. 3ಕ್ಕೆ ಹೋಗುವುದನ್ನು ಆಮೇಲೆ ಬಿಡುವಾಗಿ ಕುಳಿತು ಮಾಡಿ.

ಈಗ ನಂಬರಿನ ಸಂಗತಿ. 2ರಿಂದ 3ಕ್ಕೆ ಹೋದದ್ದೇ ಒಂದು ಮುನ್ಸೂಚನೆ. ಗಿಟ್‌ನ ಕೋಡನ್ನು ನೆಟ್‌ನಲ್ಲಿ ಇಡುವ ತಾಣ ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಸೆಮ್ಯಾಂಟಿಕ್ ವರ್ಷನಿಂಗ್ ಅಂತ ಒಂದು ನಿಯಮ ಬರೆದಿಟ್ಟಿದ್ದಾರೆ. ಮೂರು ನಂಬರ್ ಇರುತ್ತವೆ. ಹಳೆಯ ಕೋಡ್ ನಿಲ್ಲುವಂಥ ಬದಲಾವಣೆ ಮಾಡಿದರೆ ಮೊದಲ ನಂಬರ್ ಏರುತ್ತದೆ. ಹಳೆಯದಕ್ಕೆ ತೊಂದರೆ ಇಲ್ಲದೆ ಹೊಸದೇನಾದರೂ ಸೇರಿದರೆ ನಡುವಿನದು, ಬರೀ ರಿಪೇರಿ ಆದರೆ ಕೊನೆಯದು. ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ನಂಬರ್ 0ಯಿಂದ ಶುರುವಾಗಿದ್ದರೆ ಅದರಲ್ಲಿ ಯಾವಾಗ ಏನು ಬೇಕಾದರೂ ಬದಲಾಗಬಹುದು. ಇವು ದಶಮಾಂಶ ಅಲ್ಲ ಅನ್ನೋದೂ ನೆನಪಿರಲಿ, 1.9 ಆದ ಮೇಲೆ ಬರೋದು 1.10.

ಎಲ್ಲರೂ ಇದನ್ನೇ ಪಾಲಿಸುವುದಿಲ್ಲ. ಲಿನಕ್ಸ್ ಕರ್ನಲ್ 2011ರಲ್ಲಿ 2.6.39ರಿಂದ ನೇರ 3.0 ಆಯಿತು. ಒಳಗೆ ಅಂಥ ದೊಡ್ಡ ಬದಲಾವಣೆ ಇರಲಿಲ್ಲ, ನಂಬರ್ ಬೆಳೆದು ಉದ್ದವಾಗಿತ್ತು ಅಷ್ಟೇ. ಉಬುಂಟು 24.04 ಅಂದರೆ 2024ರ ಏಪ್ರಿಲ್, ಅದು ತಾರೀಖಿನ ಲೆಕ್ಕ. ನಿಮಗೆ ಹತ್ತಿರದ ಉದಾಹರಣೆ ಜೇಸನ್ ರೂಪದ ಡೇಟಾ ಓದಿ-ಬರೆಯುವ ಆರ್ಡುಯಿನೊಜೇಸನ್ ಲೈಬ್ರರಿ. 5, 6, 7 ಅಂತ ಮೊದಲ ನಂಬರ್ ಏರಿದಾಗಲೆಲ್ಲ ಆ ಡೇಟಾ ಇಡುವ ಕ್ಲಾಸೇ ಬದಲಾಗಿದೆ. ಹಾಗಾಗಿ ಮೊದಲ ನಂಬರ್ ಏರಿದ್ದು ಕಂಡರೆ ಅಪ್‌ಡೇಟ್ ಗುಂಡಿ ಒತ್ತಬೇಡಿ. ರಿಲೀಸ್ ನೋಟ್ಸ್ ಓದಿ, ಟೇಬಲ್ ಮೇಲಿರುವ ಒಂದು ಬೋರ್ಡಿನಲ್ಲಿ ಓಡಿಸಿ ನೋಡಿ.

ಆರ್ಡುಯಿನೊ ಐಡಿಇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಬ್ಬರೇ ಬರೆಯುವಾಗ ಅದು ಚೆನ್ನಾಗಿದೆ. ತೊಂದರೆ ಎಲ್ಲಿ ಅಂದರೆ, ಯಾವ ಕೋರ್, ಯಾವ ಲೈಬ್ರರಿ ಅನ್ನೋದು ಆ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ, ಪ್ರಾಜೆಕ್ಟಿನ ಜೊತೆ ಹೋಗುವುದಿಲ್ಲ. ಪ್ಲಾಟ್‌ಫಾರ್ಮ್‌ಐಒದಲ್ಲಿ ಪ್ರತಿ ಪ್ರಾಜೆಕ್ಟಿಗೂ ಒಂದು ಐಎನ್‌ಐ ಫೈಲ್ ಇರುತ್ತದೆ. ಪ್ಲಾಟ್‌ಫಾರ್ಮ್ ಇಷ್ಟು, ಆರ್ಡುಯಿನೊಜೇಸನ್ ಇಷ್ಟು ಅಂತ ಅಲ್ಲೇ ಬರೆದರೆ ಮೂವರ ಲ್ಯಾಪ್‌ಟಾಪಿನಲ್ಲೂ ಅದೇ ಇಳಿಯುತ್ತದೆ. ನಂಬರ್ ಶುರುವಾಗುವ ಮೊದಲು ಕ್ಯಾರೆಟ್ (^) ಗುರುತು ಇಟ್ಟರೆ ಅದೇ ಮೊದಲ ನಂಬರಿನೊಳಗೆ ಹೊಸದು ಬಂದರೆ ಅದನ್ನು ತೆಗೆದುಕೊಳ್ಳುತ್ತದೆ. ಹೊಲಕ್ಕೆ ಹೋಗುವ ಕೋಡಿಗೆ ಆ ಗುರುತು ಬೇಡ, ಪೂರ್ತಿ ನಂಬರ್ ಬರೆಯಿರಿ. ಪ್ಲಾಟ್‌ಫಾರ್ಮಿನ ನಂಬರ್ ಬೇರೆ, ಕೋರಿನ ನಂಬರ್ ಬೇರೆ: ಪ್ಲಾಟ್‌ಫಾರ್ಮ್ 6ರ ಸರಣಿ ಹಾಕಿದರೆ ಒಳಗೆ ಬರೋದು ಕೋರ್ 2.0. ಮೊದಲ ಸಲ ನೂರಾರು ಎಂಬಿ ಇಳಿಸಿಕೊಳ್ಳುತ್ತದೆ, ಆದ್ದರಿಂದ ನೆಟ್ ಚೆನ್ನಾಗಿರುವ ಕಡೆ ಹಾಕಿಕೊಳ್ಳಿ. ಐಡಿಇ ಬಿಡಲು ಮನಸ್ಸಿಲ್ಲದವರು ಆಜ್ಞೆ ಟೈಪ್ ಮಾಡಿ ಓಡಿಸುವ ಆರ್ಡುಯಿನೊ ಸಿಎಲ್‌ಐ ಜೊತೆ ಸ್ಕೆಚ್ ಯಾಮಲ್ ಫೈಲ್ ಇಟ್ಟುಕೊಂಡು ಅದರಲ್ಲೂ ಇದನ್ನು ಮಾಡಬಹುದು. ಮೂವರಿದ್ದೀರಿ, ನಾನಾದರೆ ಪ್ಲಾಟ್‌ಫಾರ್ಮ್‌ಐಒ ಅನ್ನುತ್ತೇನೆ.

ಗಿಟ್ ಬೇಕೇ ಬೇಕು. ಡ್ರೈವ್‌ನಲ್ಲಿ ಇಬ್ಬರು ಒಂದೇ ಫೈಲ್ ತಿದ್ದಿದರೆ ಯಾರ ತಿದ್ದುಪಡಿ ಎಲ್ಲಿ ಹೋಯಿತು ಅಂತ ಹುಡುಕುವುದು ಕಷ್ಟ. ಸಬ್‌ವರ್ಷನ್ ಅಂತ ಇದಕ್ಕಿಂತ ಹಳೆಯ ಟೂಲ್ ಇದೆ, ಅದರಲ್ಲಿ ಕಮಿಟ್ ಮಾಡಲು, ಅಂದರೆ ತಿದ್ದಿದ್ದನ್ನು ದಾಖಲಿಸಲು, ಸರ್ವರ್ ಸಿಗಬೇಕು. ಗಿಟ್ ಹಾಗಲ್ಲ. ಪೂರ್ತಿ ಇತಿಹಾಸ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಮಾನ್ವಿ, ಸಿರವಾರ ಕಡೆ ಕಾಲುವೆಯ ಕೊನೆ ಭಾಗದಲ್ಲಿ ಬೋರ್ ನಂಬಿದವರ ಹೊಲಕ್ಕೆ ಹೋಗಿ, ಸಿಗ್ನಲ್ ಇಲ್ಲದ ಜಾಗದಲ್ಲಿ ಸ್ಟಾರ್ಟರ್ ಪಕ್ಕ ಕುಳಿತು ತಿದ್ದಿದರೂ ಅಲ್ಲೇ ಕಮಿಟ್ ಮಾಡಬಹುದು. ಊರಿಗೆ ಬಂದು ಪುಶ್ ಮಾಡಿ ಸರ್ವರ್‌ಗೆ ಕಳಿಸಿದರಾಯಿತು. ಮರ್ಕ್ಯುರಿಯಲ್ ಅನ್ನೋ ಟೂಲ್ ಕೂಡ ಗಿಟ್‌ನಂತೆ 2005ರಲ್ಲೇ ಹುಟ್ಟಿದ್ದು, ಕಲಿಯಲು ಸುಲಭ. ಆದರೆ ತೊಡಕು ಬಂದಾಗ ಕೇಳಲು ಜನ ಸಿಗೋದು ಗಿಟ್‌ಗೆ ಜಾಸ್ತಿ.

ಗಿಟ್ ಓಪನ್ ಸೋರ್ಸ್, ಗಿಟ್‌ಹಬ್ ಅಲ್ಲ. ಅದು 2018ರಿಂದ ಮೈಕ್ರೋಸಾಫ್ಟ್‌ನ ಕೈಯಲ್ಲಿದೆ. ಪೂರ್ತಿ ಮುಕ್ತವಾದದ್ದೇ ಬೇಕಾದರೆ ಗಿಟ್‌ಹಬ್‌ನಂಥದ್ದೇ ಫೋರ್ಜೆಜೊ ಇದೆ, ಸ್ವಂತ ಸಣ್ಣ ಸರ್ವರಿನಲ್ಲೂ ಓಡುತ್ತದೆ. ಶುರುವಿಗೆ ಗಿಟ್‌ಹಬ್‌ನ ಉಚಿತ ಖಾಸಗಿ ರೆಪೊ (ಕೋಡಿನ ಸಂಗ್ರಹ) ಸಾಕು. ಒಂದು ಮಾತು ಕಡ್ಡಾಯ: ರೈತರ ಮೊಬೈಲ್ ನಂಬರ್, ವೈಫೈ ಪಾಸ್‌ವರ್ಡ್ ಬೇರೆ ಫೈಲಿನಲ್ಲಿಟ್ಟು ಅದನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಮುಟ್ಟಬಾರದ ಫೈಲುಗಳ ಪಟ್ಟಿ) ಸೇರಿಸಿ. ಒಮ್ಮೆ ಕಮಿಟ್ ಆದರೆ ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ. ನಂಬಿ ನಂಬರ್ ಕೊಟ್ಟವರಿಗೆ ಹಾಗೆ ಆಗಬಾರದು.

ನಿಮ್ಮ ಡಬ್ಬಿಗೆ ಯಾವ ನಂಬರ್ ಕೊಡಬೇಕು ಅನ್ನೋದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಲೈಬ್ರರಿ ಬರೆಯುವವರು ಬೇರೆ ಪ್ರೋಗ್ರಾಮರ್‌ಗಳಿಗೆ ಮಾತು ಕೊಟ್ಟಿರುತ್ತಾರೆ. ನೀವು ಮಾತು ಕೊಟ್ಟಿರೋದು ರೈತರಿಗೆ ಮತ್ತು ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್‌ಗೆ. ಆದ್ದರಿಂದ ಹೀಗೆ ಮಾಡಿ. ರೈತರು ಕಳಿಸುವ ಎಸ್‌ಎಂಎಸ್‌ನ ರೂಪ ಬದಲಾದರೆ ಮೊದಲ ನಂಬರ್ ಏರಿಸಿ. ರಿಲೇ ಬೇರೆ ಪಿನ್‌ಗೆ ಹೋದರೂ ಏರಿಸಿ. ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಸಿದ ಸೆಟ್ಟಿಂಗ್ ಹೊಸ ಕೋಡ್ ಓದಲಾರದು ಅಂದರೂ ಏರಿಸಿ. ಮೊದಲ ನಂಬರ್ ಏರಿತು ಅಂದರೆ ರೈತರಿಗೆ ಹೇಳಿಯೇ ಹಾಕಬೇಕು ಅಂತ ಅರ್ಥ. ರಾತ್ರಿ ಪಾಳಿಯ ಥ್ರೀ ಫೇಸ್ ಕರೆಂಟ್ ಬಂದಾಗ ಅವರು ಹಳೆಯ ಮೆಸೇಜ್ ಕಳಿಸಿ, ಮೋಟರ್ ಆನ್ ಆಗದೆ, ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯುವಂತೆ ಆಗಬಾರದು ಅಲ್ವಾ? ಫೇಸ್ ಹೋದದ್ದನ್ನು ತಿಳಿಸುವ ಹೊಸ ಮೆಸೇಜ್ ಸೇರಿಸಿದರೆ ನಡುವಿನ ನಂಬರ್. ಸುಮ್ನೆ ಒಂದು ಬಗ್ ತಿದ್ದಿದರೆ ಕೊನೆಯದು.

ಹೊಲಕ್ಕೆ ಒಯ್ಯುವ ಪ್ರತಿ ಕೋಡಿಗೂ ಗಿಟ್‌ನಲ್ಲಿ ಆ ನಂಬರಿನ ಟ್ಯಾಗ್ (ಗುರುತು ಚೀಟಿ) ಹಾಕಿ. ನಂಬರನ್ನು ಕೈಯಿಂದ ಬರೆಯಬೇಡಿ, ಬಿಲ್ಡ್ ಆಗುವಾಗ, ಹತ್ತಿರದ ಟ್ಯಾಗ್ ಯಾವುದು ಅಂತ ಹೇಳುವ ಗಿಟ್ ಡಿಸ್ಕ್ರೈಬ್ ಆಜ್ಞೆ ಓಡಿಸಿ ಅದರ ಉತ್ತರವನ್ನೇ ಕೋಡಿನೊಳಗೆ ಸೇರಿಸಿ. ಡರ್ಟಿ ಅನ್ನುವ ಆಯ್ಕೆ ಕೊಟ್ಟರೆ, ಕಮಿಟ್ ಆಗದ ತಿದ್ದುಪಡಿ ಇದ್ದಾಗ ನಂಬರಿನ ಕೊನೆಗೆ ಆ ಪದ ಸೇರುತ್ತದೆ. ಅಂಥದ್ದನ್ನು ಹೊಲಕ್ಕೆ ಒಯ್ಯಬೇಡಿ. ವರ್ಷನ್ ಕೇಳುವ ಎಸ್‌ಎಂಎಸ್ ಒಂದನ್ನೂ ಇಡಿ. ಡಬ್ಬಿಯೇ ತನ್ನ ನಂಬರ್ ಹೇಳಿದರೆ ಅರ್ಧ ಹುಡುಕಾಟ ಮನೆಯಲ್ಲೇ ಮುಗಿಯುತ್ತದೆ.

ಇದೆಲ್ಲಕ್ಕಿಂತ ಮೊದಲು ಆರು ಡಬ್ಬಿಗಳ ಈಗಿನ ಫ್ಲ್ಯಾಶ್ ಓದಿ ಇಟ್ಟುಕೊಳ್ಳಿ. ಚಿಪ್ಪಿನ ಫ್ಲ್ಯಾಶ್ ಓದಿ-ಬರೆಯುವ ಇಎಸ್‌ಪಿ ಟೂಲ್‌ನಲ್ಲಿ ರೀಡ್ ಫ್ಲ್ಯಾಶ್ ಅನ್ನುವ ಆಜ್ಞೆ ಇದೆ. 4 ಎಂಬಿ ಬೋರ್ಡಾದರೆ ಸೊನ್ನೆಯಿಂದ ಪೂರ್ತಿ 4 ಎಂಬಿ ಓದಿಸಿ, ಸೆಟ್ಟಿಂಗ್ ಕೂಡ ಅದರಲ್ಲೇ ಬರುತ್ತದೆ. ಅದರಿಂದ ಸೋರ್ಸ್ ಕೋಡ್ ಸಿಗುವುದಿಲ್ಲ, ಆದರೆ ಹೊಸದು ಕೈಕೊಟ್ಟರೆ ಹಳೆಯದನ್ನು ಹಾಗೇ ವಾಪಸ್ ಹಾಕಬಹುದು. ಫೈಲಿನ ಹೆಸರಿನಲ್ಲಿ ಊರು ಮತ್ತು ತಾರೀಖು ಬರೆಯಿರಿ. ಓದುವಾಗ ಎರರ್ ಬಂದರೆ ಅದರ ಪೂರ್ತಿ ಸಾಲುಗಳನ್ನು ಇಲ್ಲೇ ಹಾಕಿ, ನೋಡುತ್ತೇನೆ.