ನಿಮ್ಮ ಲೇಖನ ಒಂದೇ ಮಷಿನ್ನಿನ ಡೇಟಾಬೇಸಿಗೆ ಬರೆದ ಹಾಗಿದೆ

ನಮಸ್ಕಾರ,

‘ಕ್ಲೌಡ್ ಡೇಟಾಬೇಸಿನಲ್ಲಿ ಯಾವ ಕಾಲಮ್ಮಿಗೆ ಯಾವ ಟೈಪ್?’ ಎಂಬ ನಿಮ್ಮ ಲೇಖನ (ಕಾಲಮ್ಮಿನಲ್ಲಿ ಸಂಖ್ಯೆ, ಪಠ್ಯ, ದಿನಾಂಕ, ಯಾವ ಬಗೆಯ ಡೇಟಾ ಇಡಬೇಕು ಎಂಬುದೇ ಟೈಪ್) ಓದಿದೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ. ನಿಮ್ಮ ವಾಕ್ಯಗಳು ಸಲೀಸಾಗಿವೆ, ಓದುಗನ ತಲೆ ತಿನ್ನುವುದಿಲ್ಲ. ಅದು ಕಲಿಸಿದರೆ ಬರುವ ಗುಣ ಅಲ್ಲ. ಆದರೆ ವಿಷಯ ಮಾತ್ರ ಎಲ್ಲೋ ಜಾರಿಹೋಗಿದೆ.

ಮೊದಲ ಸಾಲಿನಲ್ಲೇ ಹಲವು ಸರ್ವರ್‌ಗಳ ಮೇಲೆ ಹರಡಿ ಕೂರುವ ಡೇಟಾಬೇಸ್ ಗೂಗಲ್ ಕ್ಲೌಡ್ ಸ್ಪ್ಯಾನರ್ ಎಂದು ಹೆಸರು ಹೇಳುತ್ತೀರಿ. ಆಮೇಲೆ ಅದರ ಸುದ್ದಿಯೇ ಇಲ್ಲ. ಆ ಹೆಸರು ಅಳಿಸಿ, ಸಾಮಾನ್ಯವಾಗಿ ಒಂದೇ ಮಷಿನ್ನಿನಲ್ಲಿ ಓಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಎಂದು ಹಾಕಿ ನೋಡಿ. ಲೇಖನದ ಒಂದು ವಾಕ್ಯವನ್ನೂ ಬದಲಾಯಿಸಬೇಕಾಗಿಲ್ಲ, ಅಲ್ವಾ? ಹತ್ತಾರು ಸರ್ವರ್‌ಗಳ ಮೇಲೆ ಹರಡಿದ ಡೇಟಾಬೇಸಿನಲ್ಲಿ ಟೈಪ್ ಆರಿಸುವುದು ಯಾಕೆ ಬೇರೆ ಕೆಲಸ ಅನ್ನುವುದೇ ನಿಮ್ಮ ಲೇಖನ ಆಗಬೇಕಿತ್ತು. ಅದೇ ಕಾಣೆಯಾಗಿದೆ.

ಉದಾಹರಣೆಗೆ ನಿಮ್ಮ ಮೊದಲ ಸಲಹೆ: ‘ಐಡಿಗೆ ಇಂಟ್64 ಹಾಕಿ, 1, 2, 3 ಎಂದು ಏರುತ್ತಾ ಹೋಗಲಿ.’ ಇಂಟ್64 ಅಂದರೆ 64 ಬಿಟ್‌ನ ಪೂರ್ಣಾಂಕ. ಒಂದೇ ಮಷಿನ್ನಿನಲ್ಲಿ ಇದು ಒಳ್ಳೆಯ ಸಲಹೆ. ಸ್ಪ್ಯಾನರಿನಲ್ಲಿ ಇದನ್ನೇ ಮಾಡಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಸಾಲುಗಳನ್ನು ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಐಡಿ) ಕ್ರಮದಲ್ಲಿ ಜೋಡಿಸಿ, ತುಂಡು ತುಂಡಾಗಿ ಬೇರೆ ಬೇರೆ ಸರ್ವರ್‌ಗಳಿಗೆ ಹಂಚುತ್ತಾರೆ. ಈ ತುಂಡುಗಳಿಗೆ ಸ್ಪ್ಲಿಟ್ ಎಂದು ಹೆಸರು. ಕೀ ಏರುತ್ತಲೇ ಹೋದರೆ ಪ್ರತಿ ಹೊಸ ಸಾಲೂ ಕೊನೆಯ ಸ್ಪ್ಲಿಟ್ಟಿಗೇ ಬಂದು ಬೀಳುತ್ತದೆ. ಆ ಒಂದು ಸರ್ವರ್ ಏದುಸಿರು ಬಿಡುತ್ತದೆ, ಉಳಿದವು ಸುಮ್ನೆ ಕೂತಿರುತ್ತವೆ. ಇದೇ ಹಾಟ್‌ಸ್ಪಾಟ್. ಕೀಯ ಮೊದಲ ಕಾಲಮ್ಮಿಗೆ ದಿನ-ಸಮಯ ಹೇಳುವ ಟೈಮ್‌ಸ್ಟ್ಯಾಂಪ್ ಇಟ್ಟರೂ ಇದೇ ಕಥೆ.

ಗಮನಿಸಿ, ತಪ್ಪು ಇಂಟ್64 ಟೈಪಿನದ್ದಲ್ಲ, ಏರುತ್ತಾ ಹೋಗುವ ಸಂಖ್ಯೆಗಳದ್ದು. ಎಣಿಕೆಯ ಬಿಟ್‌ಗಳನ್ನು ಹಿಂದುಮುಂದು ಮಾಡಿ ಸಂಖ್ಯೆ ಕೊಡುವ ಬಿಟ್-ರಿವರ್ಸ್ಡ್ ಸೀಕ್ವೆನ್ಸ್ ಬಳಸಿದರೆ ಇಂಟ್64 ಇಟ್ಟುಕೊಂಡೇ ಹೊಸ ಸಾಲುಗಳನ್ನು ಎಲ್ಲ ಕಡೆ ಚದುರಿಸಬಹುದು. ಆಗ ಇನ್ನೊಂದು ಎಡವಟ್ಟು ಎದುರಾಗುತ್ತದೆ. ಹೀಗೆ ಬರುವ ಸಂಖ್ಯೆಗಳು ಬಹಳ ದೊಡ್ಡವು. ವೆಬ್ ಪುಟಗಳಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆ ತನ್ನ ಮಾಮೂಲಿ ನಂಬರಿನಲ್ಲಿ 9007199254740991ರವರೆಗಿನ ಪೂರ್ಣಾಂಕಗಳನ್ನು ಮಾತ್ರ ಪಕ್ಕಾ ಹಿಡಿದಿಡುತ್ತದೆ. ಅದರ ಮೇಲೆ ಹೋದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಬಹುದು, ಯಾರದೋ ಆರ್ಡರ್ ಇನ್ಯಾರಿಗೋ ಕಾಣಬಹುದು. ಸ್ಪ್ಯಾನರಿನ ರೆಸ್ಟ್ ಎಪಿಐ (ವೆಬ್ ಮೂಲಕ ಡೇಟಾ ಕೇಳುವ ದಾರಿ) ಇಂಟ್64 ಸಂಖ್ಯೆಯನ್ನು ಸ್ಟ್ರಿಂಗ್ (ಪಠ್ಯ) ಆಗಿ ಕಳಿಸುವುದು ಇದಕ್ಕೇ.

ಇನ್ನೊಂದು ದಾರಿ ಯುಯುಐಡಿಯ 4ನೇ ಆವೃತ್ತಿ, ಅಂದರೆ ಯಾವ ಕ್ರಮವೂ ಇಲ್ಲದೆ ಹುಟ್ಟಿಸುವ ಉದ್ದದ ಐಡಿ. ನೀವು ಅದನ್ನು ಒಂದೇ ವಾಕ್ಯದಲ್ಲಿ ‘ಜಾಗ ಜಾಸ್ತಿ ತಿನ್ನುತ್ತದೆ’ ಎಂದು ತಳ್ಳಿಹಾಕಿದ್ದೀರಿ. ಎಷ್ಟು ಜಾಸ್ತಿ, ಎಲ್ಲಿ ಜಾಸ್ತಿ ಎಂದು ಹೇಳಿಲ್ಲ. ಅದರ ಅಸಲು ಗಾತ್ರ 16 ಬೈಟ್. ಸ್ಟ್ರಿಂಗ್(36) ಆಗಿ ಇಟ್ಟರೆ 36 ಬೈಟ್. ಒಂದು ಸಾಲಿಗೆ 20 ಬೈಟ್ ಏನು ಮಹಾ ಅನ್ನಿಸಬಹುದು. ಆದರೆ ಪ್ರೈಮರಿ ಕೀ ಪ್ರತಿ ಸೆಕೆಂಡರಿ ಇಂಡೆಕ್ಸಿನಲ್ಲೂ (ಬೇರೆ ಕಾಲಮ್ಮಿನಿಂದ ಹುಡುಕಲು ಇಟ್ಟ ಪಟ್ಟಿ) ಮತ್ತೆ ಬರುತ್ತದೆ, ಇಂಟರ್‌ಲೀವ್ ಮಾಡಿದ, ಅಂದರೆ ಅದರ ಸಾಲುಗಳ ಜೊತೆಗೇ ಜೋಡಿಸಿಟ್ಟ, ಅಧೀನ ಟೇಬಲ್ಲುಗಳ ಕೀಯಲ್ಲೂ ಬರುತ್ತದೆ. ಲೆಕ್ಕ ಅಲ್ಲಿ ಬೆಳೆಯುತ್ತದೆ. ಹಾಗಿದ್ದೂ ನನ್ನ ಒಲವು ಸ್ಟ್ರಿಂಗ್ ಕಡೆಗೇ. ರಾತ್ರಿ ಏನೋ ಕೆಟ್ಟು ಲಾಗ್ ನೋಡುವಾಗ ಐಡಿಯನ್ನು ಕಣ್ಣಲ್ಲಿ ಓದಿ, ಹಾಗೇ ಕಾಪಿ ಮಾಡಿ ಹುಡುಕುವಂತಿರಬೇಕು. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಅದನ್ನೇ ವಾದಿಸಿ ಬರೆಯಿರಿ, ಸಂತೋಷ.

ಜಾಯಿನ್ (ಎರಡು ಟೇಬಲ್ಲುಗಳ ಸಾಲುಗಳನ್ನು ಜೋಡಿಸಿ ಓದುವುದು) ಬಗ್ಗೆ ಒಂದು ಪ್ಯಾರಾ ಸೇರಿಸಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ನಿಂತು ಟೇಬಲ್ಲುಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಸೈಟಸ್‌ನಲ್ಲಿ ಎರಡು ಟೇಬಲ್ಲುಗಳ ಸಂಬಂಧಪಟ್ಟ ಸಾಲುಗಳು ಒಂದೇ ಸರ್ವರ್‌ನಲ್ಲಿ ಕೂರಬೇಕಾದರೆ, ಹಂಚುವ ಕಾಲಮ್ಮಿನ ಟೈಪ್ ಎರಡೂ ಕಡೆ ಒಂದೇ ಆಗಿರಬೇಕು. ಗ್ರಾಹಕರ ಟೇಬಲ್ಲಿನಲ್ಲಿ ಐಡಿ ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ), ಆರ್ಡರ್ ಟೇಬಲ್ಲಿನಲ್ಲಿ ಟೆಕ್ಸ್ಟ್ ಆದರೆ ಕೆಟ್ಟಿತು. ಇಂಥ ವ್ಯವಸ್ಥೆಗಳಲ್ಲಿ ಟೈಪ್ ಹೊಂದದಿದ್ದರೆ ಜಾಯಿನ್ ಮಾಡಿದಾಗಲೆಲ್ಲ ಸಾಲುಗಳು ನೆಟ್‌ವರ್ಕ್ ಮೇಲೆ ಓಡಾಡಬೇಕು.

ಅಡುಗೆಮನೆ ಡಬ್ಬಿಗಳ ಹೋಲಿಕೆ ಎರಡು ಪ್ಯಾರಾ ನುಂಗಿದೆ. ಚಿಕ್ಕ ಸಾಮಾನಿಗೆ ಚಿಕ್ಕ ಡಬ್ಬಿ, ದೊಡ್ಡದಕ್ಕೆ ದೊಡ್ಡದು ಅನ್ನುತ್ತೀರಿ. ಓದಲು ಚಂದ, ವಿಷಯ ತಪ್ಪು. ಸ್ಪ್ಯಾನರಿನಲ್ಲಿ ಸ್ಟ್ರಿಂಗ್(ಮ್ಯಾಕ್ಸ್) ಎಂದು ಗರಿಷ್ಠ ಉದ್ದ ಬರೆದರೂ ಜಾಗ ಮೊದಲೇ ಹಿಡಿದಿಡುವುದಿಲ್ಲ. ಒಳಗೆ ಇರುವಷ್ಟಕ್ಕೇ ಜಾಗ. ಬ್ರಾಕೆಟ್ಟಿನ ಸಂಖ್ಯೆ ಬರೀ ಮಿತಿ, ಕೆಟ್ಟ ಡೇಟಾ ಒಳಗೆ ಬಾರದಂತೆ ಹಾಕಿದ ಕಾವಲು. ಡಬ್ಬಿಗಳನ್ನು ತೆಗೆಯಿರಿ.

ಹೆಸರಿನ ಕಾಲಮ್ಮಿಗೆ ‘30 ಸಾಕು’ ಎಂದು ಬರೆದಿದ್ದೀರಿ. 30 ಏನು? ಕನ್ನಡದಲ್ಲಿ ಬರೆಯುವವರು ಈ ಪ್ರಶ್ನೆಯನ್ನು ಬಿಡಬಾರದು. ‘ಕೃಷ್ಣಮೂರ್ತಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಎಲ್ಲ ಲಿಪಿಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ (ಕೋಡ್‌ಪಾಯಿಂಟ್) ಕೊಡುವ ಯೂನಿಕೋಡಿನ ಲೆಕ್ಕದಲ್ಲಿ ಒತ್ತು, ಗುಣಿತ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ) ಎಲ್ಲ ಬೇರೆ ಬೇರೆಯಾಗಿ 11 ಕೋಡ್‌ಪಾಯಿಂಟ್. ಅವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಅಂದರೆ ಒಟ್ಟು 33 ಬೈಟ್. ಸ್ಪ್ಯಾನರ್ ಯೂನಿಕೋಡ್ ಕ್ಯಾರೆಕ್ಟರ್ ಎಣಿಸುತ್ತದೆ, ಹಾಗಾಗಿ ಸ್ಟ್ರಿಂಗ್(30) ಒಳಗೆ ಈ ಹೆಸರು ಆರಾಮಾಗಿ ಕೂರುತ್ತದೆ. ಅಮೆಜಾನಿನ ಡೇಟಾಬೇಸ್ ರೆಡ್‌ಶಿಫ್ಟ್ ಬೈಟ್ ಎಣಿಸುತ್ತದೆ. ಅಲ್ಲಿನ ಪಠ್ಯದ ಟೈಪ್ ವಾರ್‌ಕ್ಯಾರ್(30)ಗೆ ಇದು ಹಿಡಿಸುವುದೇ ಇಲ್ಲ. ಇಂಗ್ಲಿಷಿನಲ್ಲಿ ಬರೆದ ಲೇಖನಗಳಲ್ಲಿ ಈ ಉದಾಹರಣೆ ಸಿಗುವುದು ಕಷ್ಟ. ನಿಮ್ಮ ಲೇಖನಕ್ಕೆ ಇದೇ ಬೆಲೆ ತರುತ್ತದೆ.

ಪಿನ್‌ಕೋಡ್ ಉದಾಹರಣೆ ಎಲ್ಲಿಂದ ತಂದಿರಿ? ‘ಸಂಖ್ಯೆಯಾಗಿ ಇಟ್ಟರೆ ಮುಂದಿನ ಸೊನ್ನೆ ಬಿದ್ದುಹೋಗುತ್ತದೆ’ ಎಂದಿದ್ದೀರಿ. ನಮ್ಮ ದೇಶದ ಯಾವ ಪಿನ್‌ಕೋಡೂ ಸೊನ್ನೆಯಿಂದ ಶುರುವಾಗುವುದಿಲ್ಲ. ಅದು ಅಮೆರಿಕದ ಜಿಪ್ ಕೋಡಿನ ತೊಂದರೆ. ಬಾಸ್ಟನ್ನಿನ ಜಿಪ್ ಕೋಡುಗಳು 02ರಿಂದ ಶುರುವಾಗುತ್ತವೆ. ಎಲ್ಲೋ ಓದಿದ್ದನ್ನು ಹೆಸರು ಬದಲಿಸಿ ಇಟ್ಟಂತಿದೆ. ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಕಣ್ಣ ಮುಂದೆಯೇ ಇತ್ತಲ್ಲ! ಪಿನ್‌ಕೋಡನ್ನು ಸ್ಟ್ರಿಂಗ್ ಆಗಿ ಇಡಿ ಅನ್ನುವ ಸಲಹೆ ಸರಿಯೇ, ಕಾರಣ ಮಾತ್ರ ಬೇರೆ. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ.

ಹಣಕ್ಕೆ ಫ್ಲೋಟ್64 (ದಶಾಂಶಗಳನ್ನು ಅಂದಾಜಾಗಿ ಇಡುವ ಟೈಪ್) ಬೇಡ, ನ್ಯೂಮರಿಕ್ (ಪಕ್ಕಾ ದಶಾಂಶ) ಬೇಕು ಎಂದದ್ದು ಸರಿ. 0.1 ಮತ್ತು 0.2 ಕೂಡಿದರೆ ಪಕ್ಕಾ 0.3 ಬರುವುದಿಲ್ಲ ಅನ್ನುವುದು ಎಲ್ಲರೂ ಹೇಳುವ ಮಾತು. ಮುಂದಕ್ಕೆ ಹೋಗಿ. ಫ್ಲೋಟ್‌ಗಳನ್ನು ಕೂಡುವ ಕ್ರಮ ಬದಲಾದರೆ ಉತ್ತರದ ಕೊನೆಯ ಅಂಕಿಗಳೂ ಬದಲಾಗಬಹುದು. ಹಲವು ಸರ್ವರ್‌ಗಳು ತಮ್ಮ ತಮ್ಮ ಪಾಲು ಕೂಡಿ ಕಳಿಸುವಾಗ ಯಾವುದು ಮೊದಲು ಬರುತ್ತದೋ ಗೊತ್ತಿಲ್ಲ. ಅದೇ ಡೇಟಾ, ಅದೇ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಎರಡು ಸಲ ಓಡಿಸಿದರೆ ಎರಡು ಮೊತ್ತ ಬರಬಹುದು. ಆಡಿಟರ್ ಎದುರು ಇದನ್ನು ವಿವರಿಸಿ ನೋಡಿ! ಸ್ಪ್ಯಾನರಿನ ನ್ಯೂಮರಿಕ್‌ನಲ್ಲಿ ದಶಾಂಶದ ಮುಂಚೆ 29, ನಂತರ 9 ಅಂಕಿ ಹಿಡಿಯುತ್ತವೆ. ರೂಪಾಯಿ ಪೈಸೆಗೆ ಧಾರಾಳ.

ದಿನಾಂಕದ ಭಾಗ ಪೂರ್ತಿ ಮತ್ತೆ ಬರೆಯಬೇಕು. ‘ಟೈಮ್‌ಸ್ಟ್ಯಾಂಪ್ ಇಟ್ಟರೆ ದಿನಾಂಕ ತಾನಾಗಿ ಸಿಗುತ್ತದೆ’ ಎಂದಿದ್ದೀರಿ. ಯಾವ ಊರಿನ ದಿನಾಂಕ? ಸ್ಪ್ಯಾನರಿನ ಟೈಮ್‌ಸ್ಟ್ಯಾಂಪ್ ಬರೀ ಒಂದು ಕ್ಷಣ, ಅದಕ್ಕೆ ಟೈಮ್‌ಝೋನ್ ಅಂಟಿಕೊಂಡಿರುವುದಿಲ್ಲ. ನೀವು ಬೇರೆ ಹೇಳದಿದ್ದರೆ ಅದರಿಂದ ದಿನಾಂಕ ತೆಗೆಯುವಾಗ ಬಳಸುವುದು ಲಾಸ್ ಏಂಜಲೀಸ್ ಸಮಯ. ಏಪ್ರಿಲ್ 1ರಂದು ಬೆಳಿಗ್ಗೆ 10ಕ್ಕೆ ಹುಬ್ಬಳ್ಳಿಯಲ್ಲಿ ಒಂದು ಬಿಲ್ ಆಯಿತು ಅನ್ನಿ. ಆಗ ಲಾಸ್ ಏಂಜಲೀಸ್‌ನಲ್ಲಿ ಮಾರ್ಚ್ 31ರ ರಾತ್ರಿ ಒಂಬತ್ತೂವರೆ. ಬಿಲ್ಲು ಹೋಗಿ ಹಿಂದಿನ ಹಣಕಾಸು ವರ್ಷದಲ್ಲಿ ಕೂರುತ್ತದೆ! ಆ ದಿನ ನಮ್ಮ ಮಧ್ಯಾಹ್ನ ಹನ್ನೆರಡೂವರೆಯವರೆಗಿನ ಎಲ್ಲ ಬಿಲ್ಲಿನ ಗತಿಯೂ ಇದೇ. ಕ್ವೆರಿಯಲ್ಲಿ ‘ಏಷ್ಯಾ/ಕೋಲ್ಕತಾ’ ಎಂದು ಟೈಮ್‌ಝೋನ್ ಹೇಳಬೇಕು. ಹುಟ್ಟಿದ ದಿನದಂಥ ಸಂಗತಿಗಳಿಗೆ ಟೈಮ್‌ಸ್ಟ್ಯಾಂಪ್ ಗೊಡವೆಯೇ ಬೇಡ, ಡೇಟ್ ಟೈಪ್ ಇದೆಯಲ್ಲ.

‘ತಪ್ಪಾದರೆ ಆಮೇಲೆ ಬದಲಾಯಿಸಿದರಾಯಿತು’ ಎಂಬ ವಾಕ್ಯ ಹೊಡೆದುಹಾಕಿ. ಸ್ಪ್ಯಾನರಿನಲ್ಲಿ ಸ್ಟ್ರಿಂಗನ್ನು ಬೈಟ್ಸ್ (ಕಚ್ಚಾ ಬೈಟ್‌ಗಳ ಟೈಪ್) ಮಾಡಬಹುದು, ಉದ್ದದ ಮಿತಿ ಬದಲಿಸಬಹುದು. ಇಂಟ್64 ಇದ್ದದ್ದನ್ನು ಇದ್ದಲ್ಲೇ ಸ್ಟ್ರಿಂಗ್ ಮಾಡಲು ಆಗುವುದಿಲ್ಲ. ಹೊಸ ಕಾಲಮ್ ಸೇರಿಸಿ, ಸ್ವಲ್ಪ ಕಾಲ ಎರಡಕ್ಕೂ ಬರೆದು, ಹಳೆಯ ಸಾಲುಗಳನ್ನು ಪಾರ್ಟಿಷನ್ಡ್ ಡಿಎಂಎಲ್‌ನಿಂದ (ದೊಡ್ಡ ಟೇಬಲ್ಲನ್ನು ತುಂಡು ತುಂಡಾಗಿ ತಿದ್ದುವ ಆಜ್ಞೆ) ತುಂಬಿ, ಓದುವುದನ್ನು ಹೊಸದಕ್ಕೆ ತಿರುಗಿಸಿ, ಆಮೇಲೆ ಹಳೆಯದನ್ನು ಬಿಸಾಡಬೇಕು. ಪ್ರೈಮರಿ ಕೀ ಆದರೆ ಹೊಸ ಟೇಬಲ್ಲೇ ಬೇಕು.

ಹಾಗಾಗಿ ಮರುಬರಹವನ್ನು ಕೀಯಿಂದಲೇ ಶುರು ಮಾಡಿ. ಬೂಲ್, ಜೇಸನ್, ಅರೇ ಟೈಪ್‌ಗಳ ಬಗ್ಗೆ ಬರೆದದ್ದನ್ನು ಅರ್ಧಕ್ಕೆ ಇಳಿಸಿ. ಟೇಬಲ್ ಕಟ್ಟುವ ಕೋಡನ್ನು ಸ್ಕ್ರೀನ್‌ಶಾಟ್ ಆಗಿ ಅಲ್ಲ, ಓದುಗರು ಕಾಪಿ ಮಾಡಿ ಓಡಿಸುವಂತೆ ಪಠ್ಯವಾಗಿ ಕಳಿಸಿ.