ಕಣ್ಣಂಚಿನ ಸುಕ್ಕಿಗೆ ಲೇಸರ್ ಬೇಕೇ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 51 ವರ್ಷ. ಹೈಸ್ಕೂಲ್ ಟೀಚರ್. ಮೊದಲಿಂದಲೂ ಸ್ಕೂಟರಿನಲ್ಲೇ ಓಡಾಟ. ಕಣ್ಣಿನ ಸುತ್ತ ಸುಕ್ಕು ಜಾಸ್ತಿಯಾಗಿದೆ, ಕೆಳಗಿನ ಚರ್ಮ ಜೋತು ಬಿದ್ದಿದೆ. ಕೆನ್ನೆ ಮೇಲೆ ಬಂಗು ಕೂಡ ಇದೆ. ಆಪರೇಷನ್ ಅಂದರೆ ಭಯ. ಒಂದು ಕ್ಲಿನಿಕ್‌ನಲ್ಲಿ ಸಿಒ2 ಲೇಸರ್ ಮಾಡಿಸಿ, ಇವತ್ತೇ ದುಡ್ಡು ಕಟ್ಟಿದರೆ ರಿಯಾಯಿತಿ ಅಂದರು. ಹೈಫು, ಥರ್ಮೇಜ್ ಅಂತಲೂ ಕೇಳಿದ್ದೇನೆ. ಎರಡೂವರೆ ತಿಂಗಳಿಗೆ ಮಗನ ಮದುವೆ. ಯಾವುದು ಒಳ್ಳೆಯದು? ನಮ್ಮ ಅಕ್ಕನಿಗೂ ಆಸೆ ಇದೆ, ಆದರೆ ಅವರಿಗೆ ಪೇಸ್‌ಮೇಕರ್ ಹಾಕಿದ್ದಾರೆ.
– ಹೆಸರು ಬೇಡ, ಹಾಸನ

ಉತ್ತರ: ದುಡ್ಡು ಕಟ್ಟಿಲ್ಲ ತಾನೇ? ಹಾಗಿದ್ದರೆ ಸದ್ಯಕ್ಕೆ ಕಟ್ಟಬೇಡಿ. ಬಂಗು ಇರುವ ಮುಖಕ್ಕೆ, ಅದೂ ಮದುವೆ ಇಷ್ಟು ಹತ್ತಿರ ಇರುವಾಗ, ನಾನಂತೂ ಸಿಒ2 ಲೇಸರ್ ಮಾಡುವುದಿಲ್ಲ. ಅದು ಚರ್ಮದಲ್ಲಿ ಸಣ್ಣ ಸಣ್ಣ ಗಾಯ ಮಾಡುತ್ತದೆ. ಗಾಯ ಮಾಯುವಾಗ ಹೊಸ ಕೊಲಾಜೆನ್, ಅಂದರೆ ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್, ಹುಟ್ಟುತ್ತದೆ. ಸುಕ್ಕಿಗೆ ಒಳ್ಳೆಯ ಚಿಕಿತ್ಸೆಯೇ. ಆದರೆ ನಮ್ಮ ಬಣ್ಣದ ಚರ್ಮ ಗಾಯವಾದ ಕಡೆ ಕಪ್ಪಾಗುತ್ತದೆ. ಸೊಳ್ಳೆ ಕಚ್ಚಿ ಕೆರೆದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತಲ್ಲ, ಹಾಗೆ. ಬಂಗು ಇರುವವರಿಗೆ ಈ ಅಪಾಯ ಇನ್ನೂ ಜಾಸ್ತಿ. ಸುಕ್ಕು ಹೋಗಿ ಕಣ್ಣಿನ ಸುತ್ತ ಕಪ್ಪು ಉಳಿದರೆ ಏನು ಬಂತು?

ಯಂತ್ರದ ಹೆಸರು ಆಮೇಲೆ ನೋಡೋಣ. ಮೊದಲು ಕಿಟಕಿ ಬೆಳಕಿನಲ್ಲಿ ಕನ್ನಡಿ ಹಿಡಿದು ನಿಲ್ಲಿ. ನಕ್ಕಾಗ ಮಾತ್ರ ಕಣ್ಣಂಚಿನಲ್ಲಿ ಗೆರೆ ಏಳುತ್ತಾ? ಅದು ಸ್ನಾಯುವಿನ ಕೆಲಸ. ಅದಕ್ಕೆ ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಸಾಕು, ಮೂರು ನಾಲ್ಕು ತಿಂಗಳು ಇರುತ್ತದೆ. ಈಗ ಕೆಳರೆಪ್ಪೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಬಿಡಿ. ತಕ್ಷಣ ಸಮ ಆಯಿತಾ, ಬಿಗಿ ಇನ್ನೂ ಇದೆ. ನಿಧಾನಕ್ಕೆ ಇಳಿಯಿತಾ, ಚರ್ಮ ಸಡಿಲವಾಗಿದೆ. ಬಿಗಿ ಮಾಡುವ ಯಂತ್ರಗಳು ಇಂಥವರಿಗೆ. ಗಲ್ಲ ಸ್ವಲ್ಪ ತಗ್ಗಿಸಿ ಮೇಲಕ್ಕೆ ನೋಡಿದಾಗ ಕಣ್ಣಿನ ಕೆಳಗೆ ಉಬ್ಬು ಎದ್ದು ಕಂಡರೆ ಅದು ಕೊಬ್ಬು. ಯಾವ ಯಂತ್ರವೂ ಅದನ್ನು ಸರಿಯಾಗಿ ಕರಗಿಸುವುದಿಲ್ಲ. ಅದಕ್ಕೆ ಆಪರೇಷನ್ನೇ ದಾರಿ. ಬೇಡ ಅನಿಸಿದರೆ ಹಾಗೇ ಬಿಡಿ, ತೊಂದರೆ ಏನಿಲ್ಲ.

ನಿಮ್ಮದು ಸಡಿಲ ಚರ್ಮ ಅಂತಾದರೆ ನಾನು ರೇಡಿಯೋ ಫ್ರೀಕ್ವೆನ್ಸಿ, ಅಂದರೆ ರೇಡಿಯೋ ತರಂಗದ ಶಾಖದ ಕಡೆ ವಾಲುತ್ತೇನೆ. ಥರ್ಮೇಜ್ ಇದೇ ಜಾತಿಯದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಇದಕ್ಕೆ ಅನುಮತಿ ಕೊಟ್ಟಿದ್ದೇ ಕಣ್ಣಿನ ಸುತ್ತಲಿನ ಸುಕ್ಕಿಗೆ. ಮೇಲಿನ ಚರ್ಮವನ್ನು ತಣ್ಣಗೆ ಇಟ್ಟು ಒಳಪದರವನ್ನು ಬಿಸಿ ಮಾಡುತ್ತದೆ. ಈ ಬಿಸಿ ಚರ್ಮದ ಬಣ್ಣ ನೋಡಿ ಹುಟ್ಟುವುದಲ್ಲ. ಅದಕ್ಕೇ ನಮ್ಮಂಥವರಿಗೆ ಕಪ್ಪಾಗುವ ಭಯ ಕಮ್ಮಿ. ಫಲ ಮಾತ್ರ ಮೆಲ್ಲಗೆ ಬರುತ್ತದೆ, ಎರಡರಿಂದ ಆರು ತಿಂಗಳು ಬೇಕು. ಅದೂ ಸಾಧಾರಣ ಮಟ್ಟಿಗೆ. ಇಪ್ಪತ್ತು ವರ್ಷ ಚಿಕ್ಕವರಾಗುತ್ತೀರಿ ಅಂದವರನ್ನು ನಂಬಬೇಡಿ.

ರೆಪ್ಪೆಯ ಮೇಲೇ ಮಾಡುವುದಾದರೆ ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ರೆಪ್ಪೆಯೊಳಗೆ ಪ್ಲಾಸ್ಟಿಕ್ ಶೀಲ್ಡ್ ಇಡಲೇಬೇಕು. ಶೀಲ್ಡ್ ತೋರಿಸಿ ಅಂತ ಮೊದಲೇ ಕೇಳಿ. ಬೇಕಾಗಿಲ್ಲ ಅಂದರೆ ಎದ್ದು ಬನ್ನಿ. ಚರ್ಮಕ್ಕೆ ತಾಗಿಸುವ ಟಿಪ್ ಒಬ್ಬರಿಗೆ ಒಂದೇ ಸಲ ಬಳಸುವಂಥದ್ದು. ನಿಮ್ಮ ಎದುರೇ ಪ್ಯಾಕೆಟ್ ಒಡೆಯಲಿ. ಖಾಸಗಿ ಕ್ಲಿನಿಕ್‌ಗಳಿಗೆ ಸರ್ಕಾರ ಕೊಡುವ ಕೆಪಿಎಂಇ ನೋಂದಣಿ ಸರ್ಟಿಫಿಕೇಟ್ ಇದೆಯಾ, ಮಾಡುವವರು ಚರ್ಮರೋಗ ತಜ್ಞರಾ ಅಂತಲೂ ನೋಡಿ. ಕೇಳೋಕೆ ಸಂಕೋಚ ಬೇಡ, ಕಣ್ಣು ನಿಮ್ಮದು.

ಹೈಫು ಅಂದರೆ ಶಬ್ದ ತರಂಗದ ಶಾಖ. ಹುಬ್ಬಿನ ಮೂಳೆ ಮೇಲೆ, ಕೆನ್ನೆ ಮೇಲೆ ಸರಿ, ಕಣ್ಣುಗುಡ್ಡೆ ಮೇಲೆ ಖಂಡಿತ ಹಿಡಿಯಬಾರದು. ತರಬೇತಿ ಇಲ್ಲದವರು ಹಿಡಿದು ಕಣ್ಣಿಗೆ ಪೊರೆ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಇನ್ನೊಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಬಂಗಿಗೆ ಅಂತ ಮೆಡಿಕಲ್ ಶಾಪ್‌ನಿಂದ ಕ್ರೀಮ್ ತಂದು ವರ್ಷಗಟ್ಟಲೆ ಹಚ್ಚುತ್ತಿದ್ದೀರಾ? ಟ್ಯೂಬ್ ಮೇಲೆ ಮೊಮೆಟಸೋನ್, ಬೀಟಾಮೆಥಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ತುಂಬಾ ದಿನ ಹಚ್ಚಿದರೆ ಚರ್ಮ ತೆಳ್ಳಗಾಗಿ ಇನ್ನೂ ಸುಕ್ಕಾಗುತ್ತದೆ, ಕಣ್ಣಿನ ಹತ್ತಿರವಾದರೆ ಕಣ್ಣಿನೊಳಗೆ ಒತ್ತಡ ಏರಿ ದೃಷ್ಟಿ ಕೆಡಿಸುವ ಗ್ಲಾಕೋಮಾ ಭಯವೂ ಇದೆ. ಅಂಥದ್ದಿದ್ದರೆ ಟ್ಯೂಬ್ ಹಿಡಿದುಕೊಂಡು ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಬಿಸಿ ಕೊಡುವ ಚಿಕಿತ್ಸೆ ಆಮೇಲೆ.

ಮದುವೆ ಲೆಕ್ಕ ಹೀಗಿರಲಿ. ರೇಡಿಯೋ ಫ್ರೀಕ್ವೆನ್ಸಿ ಮಾಡಿಸುವುದಾದರೆ ಈ ವಾರ ಎರಡು ವಾರದೊಳಗೆ ಮುಗಿಸಿ. ಮುಹೂರ್ತದ ಹೊತ್ತಿಗೆ ಅರ್ಧ ಫಲವಾದರೂ ಕಾಣಬಹುದು. ಬೊಟಾಕ್ಸ್ ಆದರೆ ಮೂರು ನಾಲ್ಕು ವಾರ ಮೊದಲು. ಕೆಳರೆಪ್ಪೆ ಸಡಿಲ ಇದ್ದರೆ ಅಲ್ಲಿಗೆ ಮಾತ್ರ ಬೇಡ. ಸ್ಕೂಟರ್ ಹತ್ತುವ ಮುಂಚೆ ಬಣ್ಣ ಬೆರೆತ ಸನ್‌ಸ್ಕ್ರೀನ್, ಅಗಲವಾದ ಕಪ್ಪು ಕನ್ನಡಕ. ಬಣ್ಣದ್ದೇ ಯಾಕೆ ಅಂದರೆ ಅದರಲ್ಲಿರುವ ಐರನ್ ಆಕ್ಸೈಡ್ ಬಂಗು ಹೆಚ್ಚಿಸುವ ಬೆಳಕನ್ನೂ ತಡೆಯುತ್ತದೆ.

ಅಕ್ಕನಿಗೆ ರೇಡಿಯೋ ಫ್ರೀಕ್ವೆನ್ಸಿಯ ಯಾವ ಯಂತ್ರವೂ ಬೇಡ, ಪೇಸ್‌ಮೇಕರ್ ಕೆಲಸಕ್ಕೆ ಅಡ್ಡಿಯಾಗಬಹುದು. ನಕ್ಕಾಗಿನ ಗೆರೆಗೆ ಬೊಟಾಕ್ಸ್ ಆಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಲಿ, ಆದರೆ ಹೃದಯದ ಡಾಕ್ಟರನ್ನು ಕೇಳದೆ ತಾವಾಗಿ ಮಾತ್ರೆ ನಿಲ್ಲಿಸುವುದು ಬೇಡ.