ಸಿಸೇರಿಯನ್‌ಗೆ ಟ್ರಾನೆಕ್ಸಾಮಿಕ್ ಆಸಿಡ್: ರಕ್ತದ ಏರ್ಪಾಡು ಬಿಡಬಹುದೇ?

ಹೆಂಡತಿಗೆ ಎರಡನೇ ಸಿಸೇರಿಯನ್, ಹಿಮೋಗ್ಲೋಬಿನ್ 9.8, ಟ್ರಾನೆಕ್ಸಾಮಿಕ್ ಇಂಜೆಕ್ಷನ್ ಕೊಡುತ್ತಾರಂತೆ, ಹಾಗಿದ್ದರೆ ರಕ್ತ ಹೊಂದಿಸಿಡುವುದು ಬೇಡವಲ್ಲ ಎಂದು ಕೇಳಿದ್ದೀರಿ. ಬೇಕು. ಗ್ರೂಪಿಂಗ್, ಕ್ರಾಸ್‌ಮ್ಯಾಚ್ (ಕೊಡುವ ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ) ಬಿಡಬೇಡಿ.

ಹೆರಿಗೆಯ ನಂತರ ರಕ್ತ ನಿಲ್ಲಿಸುವುದು ಮುಖ್ಯವಾಗಿ ಗರ್ಭಕೋಶದ ಬಿಗಿತ. ಅದಕ್ಕೆ ಆಕ್ಸಿಟೋಸಿನ್ ಅಥವಾ ಕಾರ್ಬೆಟೋಸಿನ್ ಕೊಡುತ್ತಾರೆ. ಟ್ರಾನೆಕ್ಸಾಮಿಕ್ ಗರ್ಭಕೋಶವನ್ನು ಬಿಗಿ ಮಾಡುವುದಿಲ್ಲ. ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆಯುತ್ತದೆ, ಅಷ್ಟೇ. ಒಂದರ ಬದಲು ಇನ್ನೊಂದು ಆಗದು.

ಸಾಮಾನ್ಯ ಡೋಸ್ 1 ಗ್ರಾಂ, ನಿಧಾನವಾಗಿ ಸುಮಾರು 10 ನಿಮಿಷ ರಕ್ತನಾಳಕ್ಕೆ. ಅವಸರದಲ್ಲಿ ತಳ್ಳಿದರೆ ಬಿಪಿ ಕುಸಿಯಬಹುದು. ಅತಿಸ್ರಾವಕ್ಕೆ ಚಿಕಿತ್ಸೆಯಾಗಿ ಕೊಡುವುದಾದರೆ ಹೆರಿಗೆಯಾದ 3 ಗಂಟೆಯೊಳಗೇ ಶುರುಮಾಡಬೇಕು. 30 ನಿಮಿಷದ ಮೇಲೂ ಸ್ರಾವ ನಿಲ್ಲದಿದ್ದರೆ ಇನ್ನೊಂದು ಗ್ರಾಂ.

ಮುಂಜಾಗ್ರತೆಯಾಗಿ ಎಲ್ಲರಿಗೂ ಕೊಡುವುದರ ಲಾಭ ಜನ ಅಂದುಕೊಂಡಷ್ಟಿಲ್ಲ. 2021ರ ಫ್ರಾನ್ಸ್ ಅಧ್ಯಯನದಲ್ಲಿ ಲೆಕ್ಕಹಾಕಿದ ರಕ್ತನಷ್ಟ ಸ್ವಲ್ಪ ತಗ್ಗಿತು, ರಕ್ತ ಕೊಡಬೇಕಾದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2023ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಸಾವು ಅಥವಾ ರಕ್ತಪೂರಣ 3.6%, ಔಷಧವಿಲ್ಲದವರಲ್ಲಿ 4.3%; ಅದೂ ನಿರ್ಣಾಯಕ ವ್ಯತ್ಯಾಸವಲ್ಲ.

ಹಿಂದೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಫಿಟ್ಸ್, ಕಿಡ್ನಿ ತೊಂದರೆ ಇದ್ದರೆ ಕೇಳುವ ಮೊದಲೇ ಹೇಳಿ. ಬಿಪಿ ಮತ್ತು ಆಸ್ತಮಾ ಕೂಡ: ಗರ್ಭಕೋಶ ಬಿಗಿ ಮಾಡುವ ಬೇರೆ ಔಷಧಗಳಲ್ಲಿ ಬಿಪಿ ಇದ್ದವರಿಗೆ ಮೆಥರ್ಜಿನ್, ಆಸ್ತಮಾ ಇದ್ದವರಿಗೆ ಕಾರ್ಬೊಪ್ರಾಸ್ಟ್ ಸಲ್ಲದು.

ಆಸ್ಪತ್ರೆಯವರು ಯಾರಾದರೂ ಓದುತ್ತಿದ್ದರೆ: ಟ್ರಾನೆಕ್ಸಾಮಿಕ್ ಆಂಪೂಲನ್ನು ಸ್ಪೈನಲ್ ಅರಿವಳಿಕೆಯ ಟ್ರೇಯಲ್ಲಿ ಇಡಲೇಬೇಡಿ. ಬ್ಯುಪಿವಕೇನ್ (ಸ್ಪೈನಲ್‌ನಲ್ಲಿ ಮರಗಟ್ಟಿಸುವ ಔಷಧ) ಎಂದುಕೊಂಡು ಬೆನ್ನಿಗೆ ಚುಚ್ಚಿ ಸಾವುಗಳಾಗಿವೆ.

ನಿಮ್ಮ ವಿಷಯದಲ್ಲಿ ಔಷಧಕ್ಕಿಂತ ಮುಖ್ಯವಾದದ್ದು ಸ್ಕ್ಯಾನ್ ರಿಪೋರ್ಟ್. ಮಾಸು ಹಳೆಯ ಹೊಲಿಗೆಯ ಮೇಲೆ ಕೂತಿದ್ದರೆ ಸ್ರಾವ ಹೆಚ್ಚಾಗಬಹುದು; ಹಾಗಿದೆಯೇ ಎಂದು ವೈದ್ಯರನ್ನು ಕೇಳಿ. ಹಿಮೋಗ್ಲೋಬಿನ್ ಕಡಿಮೆ ಇರುವುದರಿಂದ, ಸಮಯವಿದ್ದರೆ ಕಬ್ಬಿಣಾಂಶದ ಇಂಜೆಕ್ಷನ್ ಬಗ್ಗೆಯೂ ಕೇಳಿ.